ಸೆಕ್ಷನ್ 20 ಕಾಗದ ಬಂದಾಗ ನಾನು ಮಾಡಿದ್ದು

ಮೈಸೂರಿನಲ್ಲಿ ನಮ್ಮಪ್ಪನದು ಹೌಸಿಂಗ್ ಬೋರ್ಡ್ ಮನೆ. ತಾರಸಿ ಸೋರಿದರೆ ಗಾರೆಯವರನ್ನು ಕರೆಸಿ, ಚೌಕಾಸಿ ಮಾಡಿ, ಎರಡು ದಿನದಲ್ಲಿ ಮುಗಿಸುತ್ತಿದ್ದರು. ಸರ್ಕಾರಿ ಕಾಲೋನಿ ಮನೆ ಅಂದರೆ ನನಗೆ ಗೊತ್ತಿದ್ದದ್ದು ಅಷ್ಟೇ. ಅದೇ ಧೈರ್ಯದಲ್ಲಿ 2015ರಲ್ಲಿ ದಕ್ಷಿಣ ಲಂಡನ್ನಿನಲ್ಲಿ ಕೌನ್ಸಿಲ್, ಅಂದರೆ ಅಲ್ಲಿನ ಸ್ಥಳೀಯ ಆಡಳಿತ, ಕಟ್ಟಿಸಿದ ಒಂದು ಎಸ್ಟೇಟಿನಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟ್ ತೆಗೆದುಕೊಂಡೆ. ಪಕ್ಕದ ಬೀದಿಗಿಂತ ಅಗ್ಗ, ರೂಮುಗಳೂ ದೊಡ್ಡವು.

ಆದರೆ ಇಲ್ಲಿ ಛಾವಣಿ ನನ್ನದಲ್ಲ. ಥ್ಯಾಚರ್ ಸರ್ಕಾರ 1980ರ ಹೌಸಿಂಗ್ ಕಾಯ್ದೆಯಲ್ಲಿ ಕೌನ್ಸಿಲ್ ಬಾಡಿಗೆದಾರರಿಗೆ ಅವರ ಮನೆಯನ್ನೇ ರಿಯಾಯಿತಿಯಲ್ಲಿ ಕೊಳ್ಳುವ ಹಕ್ಕು ಕೊಟ್ಟಿತು. ಫ್ಲ್ಯಾಟ್ ಕೊಂಡವರಿಗೆ ಸಿಕ್ಕಿದ್ದು ಲೀಸ್ ಮಾತ್ರ, ಅಂದರೆ ಬಹಳ ವರ್ಷಗಳ ಗುತ್ತಿಗೆ; ಅಂಥವರೇ ಲೀಸ್‌ಹೋಲ್ಡರ್‌ಗಳು. ನಾನು ಕೊಂಡದ್ದು ಅಂಥವರೊಬ್ಬರಿಂದ. ಹೊರಗೋಡೆ, ಛಾವಣಿ, ಮೆಟ್ಟಿಲು ಎಲ್ಲ ಕೌನ್ಸಿಲಿನದು. ರಿಪೇರಿ ಅವರದು, ಖರ್ಚಿನಲ್ಲಿ ಪಾಲು ನಮ್ಮದು. ಪಕ್ಕದ ಮನೆಯ ಟೆನೆಂಟ್‌ಗೆ ಬೇರೆ ಬಿಲ್ ಇಲ್ಲ, ಬಾಡಿಗೆಯಲ್ಲೇ ಎಲ್ಲ.

2019ರ ಮಾರ್ಚ್‌ನಲ್ಲಿ ಕೌನ್ಸಿಲಿನಿಂದ ಆ ಸೆಕ್ಷನ್ 20 ಕಾಗದ ಬಂತು. ಛಾವಣಿ, ಕಿಟಕಿ, ಕಾಂಕ್ರೀಟ್ ರಿಪೇರಿ. ನನ್ನ ಅಂದಾಜು ಪಾಲು 24,600 ಪೌಂಡ್. ಹೆಂಡತಿ ಅದನ್ನು ದೀಪದ ಹತ್ತಿರ ಹಿಡಿದು, "ಸೊನ್ನೆ ಒಂದು ಜಾಸ್ತಿ ಬಿದ್ದಿದೆಯಾ ನೋಡಿ" ಅಂದಳು.

ಮೊದಲ ಹತ್ತು ದಿನ ಸಿಟ್ಟಿನ ಇಮೇಲ್ ಬರೆಯುತ್ತಾ ಹಾಳು ಮಾಡಿದೆ. ದೊಡ್ಡ ತಪ್ಪು. 1985ರ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಕಾಯ್ದೆಯ ಸೆಕ್ಷನ್ 20ರ ಪ್ರಕಾರ, ಒಬ್ಬ ಲೀಸ್‌ಹೋಲ್ಡರ್ ಮೇಲೆ 250 ಪೌಂಡಿಗಿಂತ ಜಾಸ್ತಿ ಬೀಳುವ ಕೆಲಸಕ್ಕೆ ಮೊದಲು ನಮ್ಮ ಅಭಿಪ್ರಾಯ ಕೇಳಬೇಕು. ಉತ್ತರ ಬರೆಯಲು 30 ದಿನ. ಅದರಲ್ಲಿ ಮೂರನೇ ಒಂದು ಭಾಗ ಸುಮ್ನೆ ಹೋಯಿತು. ಬೇರೆ ಕಂಟ್ರಾಕ್ಟರ್ ಹೆಸರು ಸೂಚಿಸುವ ಅವಕಾಶವೂ ಇರಲಿಲ್ಲ. ಕೌನ್ಸಿಲ್ ಮೊದಲೇ ಹಲವು ವರ್ಷಗಳ ಒಪ್ಪಂದ ಮಾಡಿಕೊಂಡಿತ್ತು.

ಗೆಳೆಯನೊಬ್ಬ "ಕೊಡಲೇಬೇಡ" ಅಂದ. ಅಂಥ ಸಲಹೆ ಕೇಳಬೇಡಿ. ಬಾಕಿ ಉಳಿದರೆ ಕೌನ್ಸಿಲ್ ಸಾಲ ಕೊಟ್ಟ ಬ್ಯಾಂಕಿನ ಬಾಗಿಲು ತಟ್ಟಬಹುದು. ಬ್ಯಾಂಕ್ ಕಟ್ಟಿಬಿಟ್ಟು ನಿಮ್ಮ ಸಾಲಕ್ಕೇ ಸೇರಿಸುತ್ತದೆ. ನಾನು ಸರ್ಕಾರದ ದುಡ್ಡಿನಲ್ಲಿ ನಡೆಯುವ ಲೀಸ್‌ಹೋಲ್ಡ್ ಅಡ್ವೈಸರಿ ಸರ್ವೀಸ್‌ಗೆ ಫೋನ್ ಮಾಡಿದೆ. ಸಲಹೆ ಪುಕ್ಕಟೆ. ಆಮೇಲೆ ಕೌನ್ಸಿಲಿಗೆ ಬರೆದದ್ದು ಮೂರೇ ಪ್ರಶ್ನೆ. ಸರ್ವೆ ವರದಿ ಎಲ್ಲಿ? ಯಾವ ಕೆಲಸ ಎಷ್ಟು ಪ್ರಮಾಣ, ಯಾವ ದರ? ನನ್ನ ಪಾಲು ಲೆಕ್ಕ ಹಾಕಿದ್ದು ಹೇಗೆ?

ಕೌನ್ಸಿಲ್ ಕಳಿಸಿದ ಕೆಲಸದ ಪಟ್ಟಿ ಕೈಗೆ ಬಂದ ಭಾನುವಾರ ನೋಟ್‌ಬುಕ್ ಹಿಡಿದು ಬ್ಲಾಕ್ ಸುತ್ತಿ ಕಿಟಕಿ ಎಣಿಸಿದೆ. ಪಟ್ಟಿಯಲ್ಲಿ ಎಲ್ಲಾ ಕಿಟಕಿಯೂ ಇತ್ತು. ಮೆಟ್ಟಿಲ ಕಡೆಯವು ಮಾತ್ರ ಹೊಸದಾಗಿ ಕಂಡವು. ಕೆಳಗಿನ ಮನೆಯ ನಿವೃತ್ತ ನರ್ಸ್ ಅಜ್ಜಿ ಒಂದು ಬಿಸ್ಕತ್ ಡಬ್ಬಿ ತಂದು ಮುಂದಿಟ್ಟರು. ಒಳಗೆ ಎಂಬತ್ತರ ದಶಕದಿಂದ ಬಂದ ಪ್ರತಿಯೊಂದು ಬಿಲ್. 2008ರಲ್ಲೇ ಆ ಮೆಟ್ಟಿಲ ಕಿಟಕಿಗಳಿಗೆ ಅವರು ದುಡ್ಡು ಕಟ್ಟಿದ್ದರು! ಸರಿಯಾಗಿರುವ ಕಿಟಕಿ ಕಿತ್ತು ಹೊಸದು ಹಾಕಿದರೆ ಅದು ರಿಪೇರಿ ಹೇಗಾಗುತ್ತದೆ, ಅಲ್ವಾ?

ಈ ವ್ಯತ್ಯಾಸಕ್ಕೆ ಕೋರ್ಟಿನಲ್ಲೂ ಬೆಲೆಯಿದೆ. ಹೌನ್ಸ್‌ಲೋ ಕೌನ್ಸಿಲಿನ ಐವಿಬ್ರಿಜ್ ಎಸ್ಟೇಟಿನ ಕಿಟಕಿಗಳ ಕೇಸಿನಲ್ಲಿ 2017ರಲ್ಲಿ ಅಪೀಲ್ ಕೋರ್ಟ್ ಹೇಳಿದ್ದು ಇದು: ಕೆಲಸ ರಿಪೇರಿ ಮೀರಿ ಸುಧಾರಣೆ ಆದರೆ, ಲೀಸ್‌ಹೋಲ್ಡರ್‌ಗಳು ಏನನ್ನುತ್ತಾರೆ, ಅವರ ಜೇಬಿಗೆ ಎಷ್ಟು ಹೊರೆ ಎಂಬುದನ್ನೂ ಕೌನ್ಸಿಲ್ ತೂಗಿ ನೋಡಬೇಕು. ಬ್ಲಾಕಿನವರು ಸೇರಿ ಕೌನ್ಸಿಲಿಗೆ ಬರೆಯುತ್ತಿದ್ದ ಪತ್ರದಲ್ಲಿ ಇದನ್ನು ಒಂದೇ ಸಾಲಿನಲ್ಲಿ ಬರೆದೆವು.

ಫ್ಲಾರೀಸ್ ಲಾ ನೆನಪಿಸಿದವರೂ ಇದ್ದರು. ಲಂಡನ್ನಿನ ನ್ಯೂಹ್ಯಾಮಿನ 93 ವರ್ಷದ ಅಜ್ಜಿಯೊಬ್ಬರಿಗೆ ಸುಮಾರು 50,000 ಪೌಂಡ್ ಬಿಲ್ ಬಂದ ಕಥೆಯಿಂದ 2014ರಲ್ಲಿ ಹುಟ್ಟಿದ ನಿಯಮ ಅದು. ಒಬ್ಬ ಲೀಸ್‌ಹೋಲ್ಡರ್ ಬಿಲ್ಲಿಗೆ ಐದು ವರ್ಷಕ್ಕೆ ಲಂಡನ್ನಿನಲ್ಲಿ 15,000 ಪೌಂಡ್ ಮಿತಿ. ಆದರೆ ಕೇಂದ್ರ ಸರ್ಕಾರದ ಹಣ ಬಿದ್ದ ಕೆಲಸಕ್ಕಷ್ಟೇ. ನಮ್ಮದಕ್ಕೆ ಬಿದ್ದಿರಲಿಲ್ಲ.

ಕಷ್ಟವಾದದ್ದು ಕಾನೂನಲ್ಲ, ನೆರೆಹೊರೆ. ಸಮುದಾಯ ಭವನದ ಸಭೆಯಲ್ಲಿ ಟೆನೆಂಟ್ ಒಬ್ಬಳು ಎದ್ದು, "ಮಗನ ರೂಮಿನ ಗೋಡೆಯೆಲ್ಲ ಬೂಸ್ಟು. ನಿಮ್ಮ ಲೆಕ್ಕ ಮುಗಿಯುವವರೆಗೆ ನಾನು ಕಾಯಬೇಕಾ?" ಅಂದಳು. ಯಾರ ಹತ್ತಿರವೂ ಉತ್ತರ ಇರಲಿಲ್ಲ. ನನಗೆ ನಾಚಿಕೆಯಾಯಿತು. ಅವತ್ತು ರಾತ್ರಿ ಪತ್ರ ತಿದ್ದಿದೆವು. "ಕೆಲಸ ನಿಲ್ಲಿಸಿ" ಎಂಬುದನ್ನು ಹೊಡೆದುಹಾಕಿ "ಲೆಕ್ಕ ಸರಿ ಮಾಡಿ" ಎಂದಷ್ಟೇ ಉಳಿಸಿದೆವು. ಹನ್ನೊಂದು ಮನೆಯವರು ಸಹಿ ಹಾಕಿದರು, ಅವಳೂ ಸೇರಿ.

ಮೆಟ್ಟಿಲ ಕಿಟಕಿಗಳು ಪಟ್ಟಿಯಿಂದ ಹೋದವು. ಛಾವಣಿಗೆ ತೇಪೆ ಸಾಕು ಎಂಬ ನಮ್ಮ ವಾದ ಬಿದ್ದುಹೋಯಿತು. ಸರ್ವೆ ವರದಿ ಕೌನ್ಸಿಲ್ ಪರ ಇತ್ತು, ನ್ಯಾಯವಾಗಿಯೇ. ಕಾಂಕ್ರೀಟ್ ಕೆಲಸ ಅಂದಾಜಿಗಿಂತ ಕಡಿಮೆ ಬಂತು. ಅದು ಗೊತ್ತಾದದ್ದು ಕೊನೆಯ ಲೆಕ್ಕವನ್ನು ಮತ್ತೆ ಕೇಳಿ ಪಡೆದದ್ದರಿಂದ. ಅಂದಾಜು ಕಟ್ಟಿ ಸುಮ್ಮನಾಗಿದ್ದರೆ ಆ ದುಡ್ಡು ಅಲ್ಲೇ ಉಳಿಯುತ್ತಿತ್ತೇನೋ. ಕಡೆಗೆ ನನ್ನ ಪಾಲು 17,900 ಪೌಂಡ್, ಬಡ್ಡಿಯಿಲ್ಲದ 36 ಕಂತು.

ಕೊನೆಯ ಕಂತು ಮುಗಿದಿದೆ. ಛಾವಣಿ ಸೋರುತ್ತಿಲ್ಲ. ಮೊತ್ತ ಎಷ್ಟೆಂದು ಅಪ್ಪನಿಗೆ ಇನ್ನೂ ಹೇಳಿಲ್ಲ.