ವೇಳಾಪಟ್ಟಿಯನ್ನು ಕೊನೆಯ ಸ್ಟಾಪಿನಲ್ಲಿ ನಿಂತು ಓದಬೇಕು

ಮಂಗಳೂರಿನಲ್ಲಿ ಮೋಟಾರು ವಾಹನ ನಿರೀಕ್ಷಕನಾಗಿದ್ದ ವರ್ಷಗಳಲ್ಲಿ ನಾನು ರೂಢಿಸಿಕೊಂಡ ತಪಾಸಣೆಯ ಕ್ರಮವನ್ನು, ಈಗ ಈ ಕೆಲಸಕ್ಕೆ ಬರುತ್ತಿರುವ ಕಿರಿಯರಿಗಾಗಿ ಬರೆದಿಡುತ್ತಿದ್ದೇನೆ.

ನಮ್ಮಲ್ಲಿನ ಸಿಟಿ ಬಸ್ಸುಗಳಲ್ಲಿ ಬಹುಪಾಲು ಖಾಸಗಿಯವರವು. ಅವುಗಳಿಗೆ ಪರವಾನಗಿ ಕೊಡುವುದು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಮಾರ್ಗ, ಟ್ರಿಪ್ಪುಗಳ ಸಂಖ್ಯೆ, ಹೊರಡುವ ಸಮಯ ಎಲ್ಲವೂ ಆ ಪರವಾನಗಿಗೆ ಸೇರಿದವು. ಮೊದಮೊದಲು ನಾನು ಬಸ್ಸುಗಳು ಹೊರಡುವ ಸ್ಟೇಟ್‌ಬ್ಯಾಂಕ್ ನಿಲ್ದಾಣದಲ್ಲಿ ನಿಂತು ಇವನ್ನು ಪರಿಶೀಲಿಸುತ್ತಿದ್ದೆ. ಬಸ್ಸುಗಳು ನಿಮಿಷ ತಪ್ಪದೆ ಹೊರಡುತ್ತಿದ್ದವು, ದಾಖಲೆಗಳೂ ಸರಿಯಾಗಿರುತ್ತಿದ್ದವು. ಆದರೂ ಹೊರವಲಯದ ಒಂದು ಊರಿನಿಂದ ಟ್ರಿಪ್ ಕಟ್ ಆಗುತ್ತಿದೆ ಎಂಬ ದೂರು ನಿಲ್ಲಲಿಲ್ಲ.

ಒಂದು ಸಂಜೆ ಇಲಾಖೆಯ ಜೀಪು ಬಿಟ್ಟು, ಸಾಮಾನ್ಯ ಉಡುಪಿನಲ್ಲಿ ಆ ಮಾರ್ಗದ ಕೊನೆಯ ಸ್ಟಾಪಿನಲ್ಲಿ ಕುಳಿತೆ. ಏಳರಿಂದ ಒಂಬತ್ತೂವರೆಯೊಳಗೆ ನಾಲ್ಕು ಬಸ್ಸು ಬರಬೇಕಿತ್ತು, ಬಂದದ್ದು ಒಂದು. ಹಂಪನಕಟ್ಟೆಯ ಬಟ್ಟೆ ಅಂಗಡಿಯಲ್ಲಿ ದುಡಿಯುವ ಒಬ್ಬ ಮಹಿಳೆ ಮೊಬೈಲಿನ ಬೆಳಕು ಹಿಡಿದು ನಡೆದು ಬಂದರು. "ಬಸ್ಸು ಮೇಲಿನ ಜಂಕ್ಷನ್‌ನಲ್ಲಿಯೇ ತಿರುಗುವುದು ಮಾರಾಯ್ರೆ, ರಾತ್ರಿ ಇಲ್ಲಿಗೆ ಬರುವುದಿಲ್ಲ" ಎಂದರು. ಎರಡು ಕಿಲೋಮೀಟರು ಅವರು ಹಾಗೆಯೇ ನಡೆದಿದ್ದರು.

ಇದನ್ನು ಸಾಬೀತುಪಡಿಸಲು ನೆರವಾದದ್ದು ನಿರ್ವಾಹಕರ ಟಿಕೆಟ್ ಯಂತ್ರ. ಬಾರದೆ ಹೋದ ಬಸ್ಸುಗಳಲ್ಲಿ ಹಿಂದಿರುಗುವ ಟ್ರಿಪ್ಪಿನ ಮೊದಲ ಟಿಕೆಟ್ ಪ್ರತಿ ರಾತ್ರಿಯೂ ಜಂಕ್ಷನ್ನಿನಿಂದಲೇ ಆರಂಭವಾಗುತ್ತಿತ್ತು. ಅದರಾಚೆಯ ಸ್ಟೇಜುಗಳಿಂದ ಒಂದು ಟಿಕೆಟೂ ಇರಲಿಲ್ಲ. ಅಷ್ಟು ದೂರಕ್ಕೆ ರಾತ್ರಿ ಡೀಸೆಲ್ಲಿನ ಹಣವೂ ಹುಟ್ಟುವುದಿಲ್ಲ ಎಂದು ಮಾಲೀಕರು ಹೇಳಿದರು. ಆ ಲೆಕ್ಕ ಸುಳ್ಳಲ್ಲ, ಅದನ್ನು ನಾನು ವರದಿಯಲ್ಲಿಯೂ ಬರೆದೆ. ಆದರೆ ಅದನ್ನು ಪ್ರಾಧಿಕಾರದ ಮುಂದಿಟ್ಟು ವೇಳಾಪಟ್ಟಿ ಬದಲಿಸಿಕೊಳ್ಳಬೇಕೇ ಹೊರತು, ನಂಬಿ ಹತ್ತಿದವರನ್ನು ಕತ್ತಲಲ್ಲಿ ಇಳಿಸಿ ಹೋಗುವುದು ನ್ಯಾಯವಲ್ಲ.

ಸರಕು ಲಾರಿಗಳ ವಿಷಯದಲ್ಲಿಯೂ ಕಾಗದಕ್ಕಿಂತ ಮೊದಲು ವಾಹನವನ್ನು ನೋಡಬೇಕು. ಪಣಂಬೂರಿನ ಬಂದರಿನಿಂದ ಶಿರಾಡಿ ಘಾಟಿಯತ್ತ ಹೊರಡುವ ಲಾರಿಗಳೂ ಸುರತ್ಕಲ್ ಕಡೆಯ ಸಿಟಿ ಬಸ್ಸುಗಳೂ ಹಂಚಿಕೊಳ್ಳುವುದು ಅದೇ ರಾಷ್ಟ್ರೀಯ ಹೆದ್ದಾರಿ 66ನ್ನು. ಬ್ರೇಕು ಹಿಡಿಯಲಾಗದಷ್ಟು ಭಾರ ಹೊತ್ತ ಲಾರಿಯ ಮುಂದೆಯೇ ಜನ ಬಸ್ಸಿನಿಂದ ಇಳಿಯುತ್ತಾರೆ.

ಒಂದು ಮಳೆಗಾಲದ ಬೆಳಿಗ್ಗೆ ಬೈಕಂಪಾಡಿಯಲ್ಲಿ ಕಲ್ಲಿದ್ದಲಿನ ಹತ್ತು ಚಕ್ರದ ಲಾರಿಯೊಂದನ್ನು ನಿಲ್ಲಿಸಿದೆ. ಚಾಲಕ ಕೊಟ್ಟ ಚೀಟಿಯ ಪ್ರಕಾರ ತೂಕ ಮಿತಿಯೊಳಗಿತ್ತು. ಆದರೆ ಹಿಂದಿನ ಜೋಡಿ ಟಯರುಗಳು ನೆಲದ ಬಳಿ ಉಬ್ಬಿ ಒಂದಕ್ಕೊಂದು ತಾಗಿದ್ದವು, ಬಾಗಿರಬೇಕಿದ್ದ ಸ್ಪ್ರಿಂಗ್ ಪ್ಲೇಟುಗಳು ನೇರವಾಗಿದ್ದವು. ಬೇರೊಂದು ವೇಬ್ರಿಡ್ಜಿನಲ್ಲಿ ತೂಗಿಸಿದಾಗ 33.5 ಟನ್ ಬಂತು. ಮೂರು ಆಕ್ಸಲಿನ ಇಂಥ ಲಾರಿಗೆ 2018ರ ಪರಿಷ್ಕರಣೆಯ ನಂತರ ಇರುವ ಮಿತಿ 28.5 ಟನ್. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ 20,000 ರೂಪಾಯಿ, ಹೆಚ್ಚುವರಿ ಟನ್ನಿಗೆ ತಲಾ 2,000. ಒಟ್ಟು 30,000 ರೂಪಾಯಿ ದಂಡವಾಯಿತು.

ದಂಡ ಕಟ್ಟಿದ ಮೇಲೆ ಹೋಗಬಹುದೆಂದು ಎಲ್ಲರೂ ಭಾವಿಸುತ್ತಾರೆ, ಕೆಲವು ಸಹೋದ್ಯೋಗಿಗಳೂ ಹಾಗೆಯೇ ಬಿಟ್ಟುಬಿಡುತ್ತಿದ್ದರು. ಕಾನೂನಿನ ಪ್ರಕಾರ ಹೆಚ್ಚುವರಿ ಸರಕು ಇಳಿಯದೆ ವಾಹನ ಕದಲುವಂತಿಲ್ಲ. ಚಾಲಕ ಫೋನು ಮಾಡಿ ಇನ್ನೊಂದು ಲಾರಿ ತರಿಸಿದ. ಸುರಿಯುವ ಮಳೆಯಲ್ಲಿ ಐದು ಟನ್ ಕಲ್ಲಿದ್ದಲನ್ನು ಬುಟ್ಟಿಗಳಲ್ಲಿ ದಾಟಿಸಲು ಮಧ್ಯಾಹ್ನವಾಯಿತು. ನಾನೂ ಅಲ್ಲಿಯೇ ನಿಂತಿದ್ದು, ಎರಡೂ ಲಾರಿಗಳನ್ನು ಮತ್ತೊಮ್ಮೆ ತೂಗಿಸಿದ ಮೇಲೆಯೇ ಕೂಳೂರು ಸೇತುವೆ ದಾಟಲು ಬಿಟ್ಟೆ.