ಫೀಡಿಂಗ್ ಬಾಟಲ್ ಕುದಿಸೋದು: ನಮ್ಮ ಮನೆಯಲ್ಲಿ ನಡೆದ ರೀತಿ

ಅಂಗಡಿಯಲ್ಲಿ ಯಾವ ಬಾಟಲ್ ಎತ್ತಿಕೊಂಡರೂ ‘ಬಿಪಿಎ ಫ್ರೀ’ ಅಂತ ಇರುತ್ತೆ. ಬಿಪಿಎ ಅಂದರೆ ಬಿಸ್ಫಿನಾಲ್ ಎ, ಕೆಲವು ಪ್ಲಾಸ್ಟಿಕ್ ತಯಾರಿಸೋಕೆ ಬಳಸೋ ರಾಸಾಯನಿಕ, ಹಾರ್ಮೋನುಗಳ ಕೆಲಸ ಕೆಡಿಸಬಹುದು ಅನ್ನೋ ಭಯ. ನಾನು ನೋಡಿದ್ದು ತಳ. ತ್ರಿಕೋನದೊಳಗೆ 5 ಇದ್ದರೆ ಪಾಲಿಪ್ರೊಪಿಲೀನ್. 7 ಅಂದರೆ ‘ಇತರೆ’, ಅದರಲ್ಲಿ ಬಿಸಿ ತಡೆಯುವ ದುಬಾರಿ ಪ್ಲಾಸ್ಟಿಕ್ ಪಿಪಿಎಸ್‌ಯು ಕೂಡ ಇರಬಹುದು, ಹಳೇ ಪಾಲಿಕಾರ್ಬೊನೇಟೂ ಇರಬಹುದು. ಬಿಪಿಎ ತಂಟೆ ಈ ಪಾಲಿಕಾರ್ಬೊನೇಟ್‌ದೇ. ಪದೇ ಪದೇ ಕುದಿಸಿ, ಸೋಪು ಹಾಕಿ ಉಜ್ಜಿದಷ್ಟೂ ಅದು ಸವೆದು ಬಿಪಿಎ ಬಿಡುತ್ತೆ. ಯುರೋಪಿನಲ್ಲಿ ಮಕ್ಕಳ ಬಾಟಲಿಗೆ ಅದನ್ನು 2011ರಲ್ಲೇ ನಿಷೇಧಿಸಿದರು. ನಮ್ಮಲ್ಲಿ ಪ್ಲಾಸ್ಟಿಕ್ ಫೀಡಿಂಗ್ ಬಾಟಲಿಗಿರುವ ಭಾರತೀಯ ಮಾನದಂಡ ಐಎಸ್ 14625ರ 2015ರ ಆವೃತ್ತಿ ಬಿಪಿಎ ಬೇಡ ಅನ್ನುತ್ತೆ. ಅತ್ತಿಗೆ ಅಟ್ಟದಿಂದ ಹಳೇ ಬಾಟಲ್ ಇಳಿಸಿದಾಗ ‘ಬೇಡ ಅತ್ತಿಗೆ, ಇದರ ತಳದಲ್ಲಿ ನಂಬರೇ ಇಲ್ಲ’ ಅಂದೆ. ಸ್ವಲ್ಪ ಮುನಿಸಿಕೊಂಡರು, ಇರಲಿ.

ಆದರೆ ಪಾಲಿಪ್ರೊಪಿಲೀನ್‌ನಲ್ಲಿ ಬಿಪಿಎ ಮೊದಲೇ ಇರಲ್ಲ, ಹಾಗಾದರೆ ಆ ಲೇಬಲ್ ಹೇಳಿದ್ದೇನು? 2020ರಲ್ಲಿ ಐರ್ಲೆಂಡಿನ ಟ್ರಿನಿಟಿ ಕಾಲೇಜಿನವರು ಇದೇ ಪ್ಲಾಸ್ಟಿಕ್ಕಿನ ಬಾಟಲ್‌ಗಳನ್ನು ಪರೀಕ್ಷಿಸಿದಾಗ ಲೀಟರಿಗೆ 1.6 ಕೋಟಿವರೆಗೂ ಸೂಕ್ಷ್ಮ ಪ್ಲಾಸ್ಟಿಕ್ ಕಣ ಸಿಕ್ಕವು. ನೀರು ಬಿಸಿಯಾದಷ್ಟೂ ಜಾಸ್ತಿ. ಇದರಿಂದ ಮಗುವಿಗೆ ಏನಾಗುತ್ತೆ ಅಂತ ಅವರು ಹೇಳಿಲ್ಲ, ಸುಮ್ನೆ ಗಾಬರಿ ಬೀಳೋದು ಬೇಡ.

ಹಾಗಂತ ಕುದಿಸೋದು ಬಿಡೋಕಾಗಲ್ಲ, ಅದು ಸೋಂಕಿನ ಪ್ರಶ್ನೆ. ಪುಡಿ ಹಾಲಿಗೂ ಕನಿಷ್ಠ 70 ಡಿಗ್ರಿ ನೀರು ಬೇಕು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಅದಕ್ಕೇ ಬಿಸಿಯ ಕೆಲಸವನ್ನೆಲ್ಲ ಸ್ಟೀಲಿಗೆ ಕೊಟ್ಟೆ. ಕುದಿಸಿದ ಸ್ಟೀಲ್ ಚೊಂಬಿನಲ್ಲಿ ಹಾಲು ಕಲಸಿ, ಚೊಂಬನ್ನು ತಣ್ಣೀರಿನ ಬೋಗುಣಿಯಲ್ಲಿಟ್ಟು ಉಗುರುಬೆಚ್ಚಗಾದ ಮೇಲೆ ಬಾಟಲಿಗೆ ಸುರಿಯುತ್ತೇನೆ. ಜೋರಾಗಿ ಕುಲುಕಲ್ಲ. ಮೈಕ್ರೋವೇವ್ ಮುಟ್ಟಲ್ಲ. ಕುದಿಸಿ ತೆಗೆದ ಬಾಟಲಿಗೆ, ಬೇರೆ ಕುದಿಸಿ ಆರಿಸಿಟ್ಟ ನೀರು ಮೂರು ಸಲ ಹಾಕಿ ಚೆಲ್ಲುತ್ತೇನೆ. ಇದು ಆ ಅಧ್ಯಯನದವರೇ ಹೇಳಿದ್ದು.

ಕುದಿಸುವಾಗ ಪಾತ್ರೆಯ ತಳಕ್ಕೆ ಒಂದು ಮಲ್ಲು ಬಟ್ಟೆ ಮಡಚಿ ಹಾಕಿ, ಬಾಟಲ್ ಪೂರ್ತಿ ಮುಳುಗುವಷ್ಟು ನೀರು ಬಿಡಿ, ಇಲ್ಲದಿದ್ದರೆ ಕಾದ ತಳಕ್ಕೆ ತಾಗಿ ಸೊಟ್ಟಗಾಗುತ್ತೆ. ನಮ್ಮದು ಬೋರ್‌ವೆಲ್ ನೀರು, ಒಳಗೆಲ್ಲ ಬಿಳಿ ಪೊರೆ ಕೂರುತ್ತಿತ್ತು. ಅದು ಪ್ಲಾಸ್ಟಿಕ್ ಅಲ್ಲ, ಸುಣ್ಣ. ಒಂದು ಹನಿ ನಿಂಬೆರಸ ಹಚ್ಚಿದರೆ ಹೋಗುತ್ತೆ. ಹೋಗದೇ ಮಬ್ಬಾಗೇ ಉಳಿದರೆ, ಬ್ರಷ್ಷಿನ ಗೀರು ಉಗುರಿಗೆ ಸಿಕ್ಕಿದರೆ, ಆ ಬಾಟಲ್ ಕಸಕ್ಕೆ. ನೈಲಾನ್ ಬ್ರಷ್ ಬಿಟ್ಟು ಸ್ಪಂಜಿನದು ತಂದ ಮೇಲೆ ಗೀರು ಕಡಿಮೆಯಾಯಿತು.

ಮನೆಯಲ್ಲಿದ್ದಾಗ ಗಾಜಿನ ಬಾಟಲ್, ಪ್ಲಾಸ್ಟಿಕ್ ಬಸ್ಸಿಗೆ ಮಾತ್ರ. ಅಮ್ಮ ಬಂದಾಗ ಒಳಲೆಯಲ್ಲೇ ಕುಡಿಸ್ತಾರೆ, ಮೂಲೆಮೊಡಕಿಲ್ಲ, ತೊಳೆಯೋದೂ ಸಲೀಸು.