ನಕ್ಷತ್ರ ಸಾಯುವಾಗ ಬಿಡುವ ಆಕಾರ: ಪಾವಗಡದ ಹೊಲದಿಂದ ನಾನು ನೋಡಿದ್ದು

ಸಾಯುವ ನಕ್ಷತ್ರ ಹೊರಚೆಲ್ಲಿದ, ಹೊಳೆಯುವ ಅನಿಲದ ಮೋಡಕ್ಕೆ ಗ್ರಹ ನೀಹಾರಿಕೆ ಅಂತಾರೆ (ಹೆಸರಲ್ಲಿದ್ದರೂ ಗ್ರಹಕ್ಕೂ ಇದಕ್ಕೂ ಸಂಬಂಧ ಇಲ್ಲ). ಇವುಗಳ ಬಣ್ಣದ ಫೋಟೊ ನೀವೂ ನೋಡಿರುತ್ತೀರಿ. ಒಂದು ಉಂಗುರದ ಹಾಗಿದ್ದರೆ ಇನ್ನೊಂದಕ್ಕೆ ಸೊಂಟ ಸಣ್ಣಗಿರುತ್ತದೆ. ಈ ವ್ಯತ್ಯಾಸವನ್ನು ನನ್ನ ಕಣ್ಣಿಂದಲೇ ನೋಡಬೇಕು ಅಂತ ಆಸೆಯಿತ್ತು. 8 ಇಂಚಿನ ಕನ್ನಡಿ ಇರುವ, ಕೈಯಲ್ಲೇ ತಿರುಗಿಸುವ ಸರಳ ಡಾಬ್ಸೋನಿಯನ್ ಟೆಲಿಸ್ಕೋಪ್ ಸಾಕು.

ತುಮಕೂರು ಊರೊಳಗಿನ ಬೆಳಕಲ್ಲಿ ಇದು ಕಷ್ಟ, ಅದಕ್ಕೆ ಪಾವಗಡ ಕಡೆ ಹೋಗುತ್ತೇನೆ. ಅಲ್ಲಿ ಬಂಡೆಯ ಮೇಲೆ ಮಾತ್ರ ಟೆಲಿಸ್ಕೋಪ್ ಇಡಬೇಡಿ. ಹಗಲೆಲ್ಲ ಕಾದ ಕಲ್ಲು ರಾತ್ರಿಯೂ ಬಿಸಿ ಬಿಡುತ್ತಾ ಇರುತ್ತದೆ, ಆ ಗಾಳಿಯಲ್ಲಿ ಚಿತ್ರ ಅಲುಗುತ್ತದೆ. ಕಡಲೆಕಾಯಿ ಕಿತ್ತ ಹೊಲ ವಾಸಿ. ರಾತ್ರಿ ತ್ರೀ ಫೇಸ್ ಬಂದಾಗ ಮೋಟರ್ ಹಾಕೋಕೆ ಟಾರ್ಚ್ ಹಿಡಿದು ಬರುವವರಿಗೆ ಮೊದಲೇ ಒಂದು ಮಾತು ಹೇಳಿಡಿ. ಕತ್ತಲಿಗೆ ಕಣ್ಣು ಹೊಂದೋಕೆ ಅರ್ಧ ಗಂಟೆ ಬೇಕು, ಒಂದು ಸಲ ಟಾರ್ಚ್ ಬಿದ್ದರೆ ಮತ್ತೆ ಮೊದಲಿಂದ ಶುರು.

ನನಗೆ ಇಷ್ಟವಾದ ಸಮಯ ಯುಗಾದಿ ಅಮಾವಾಸ್ಯೆ, ಬೆಳಗಿನ ಜಾವ 4 ಗಂಟೆ. ಚಂದ್ರನ ಕಾಟ ಇಲ್ಲ. ಅಭಿಜಿತ್ ನಕ್ಷತ್ರದ ಹತ್ತಿರವೇ ಎಂ57 ಅನ್ನುವ ಉಂಗುರ ನೀಹಾರಿಕೆ ಇದೆ, ಅದಕ್ಕಿಂತ ಸ್ವಲ್ಪ ಕೆಳಗೆ ಪೂರ್ವದ ಕಡೆ ಸೊಂಟ ಇರುವ ಡಂಬೆಲ್ ನೀಹಾರಿಕೆ, ಎಂ27. ಮೊದಲು 25 ಮಿ.ಮೀ. ಐಪೀಸ್‌ನಲ್ಲಿ (ಕಣ್ಣಿಡುವ ಕಡೆಯ ಮಸೂರ) ಹುಡುಕಿ, ಆಮೇಲೆ ಇನ್ನೂ ದೊಡ್ಡದಾಗಿ ತೋರಿಸುವ 10 ಮಿ.ಮೀ. ಹಾಕುತ್ತೇನೆ. ನೇರವಾಗಿ ದಿಟ್ಟಿಸಬಾರದು, ನೋಟವನ್ನು ಒಂಚೂರು ಪಕ್ಕಕ್ಕೆ ಹಾಯಿಸಬೇಕು. ಆಗ ಎಂ57ರ ನಡುವಿನ ಕಪ್ಪು ತೂತು ತೆರೆದುಕೊಳ್ಳುತ್ತದೆ, ಬೂದು ಬಣ್ಣದ ಉಂಗುರ ನಿಲ್ಲುತ್ತದೆ.

ಆಮೇಲೆ ಆಕ್ಸಿಜನ್ ಫಿಲ್ಟರ್, ಅಂದರೆ ಆಕ್ಸಿಜನ್ ಸೂಸುವ ಹಸಿರು ಬೆಳಕನ್ನು ಮಾತ್ರ ಬಿಡುವ ಗಾಜು. ಅದನ್ನು ಐಪೀಸ್‌ಗೆ ತಿರುಗಿಸಿ ಹಾಕದೆ, ಬೆರಳಲ್ಲಿ ಹಿಡಿದು ಕಣ್ಣಿಗೂ ಐಪೀಸ್‌ಗೂ ನಡುವೆ ಆಡಿಸುತ್ತೇನೆ. ಅಡ್ಡ ಬಂದಾಗ ನಕ್ಷತ್ರಗಳೆಲ್ಲ ಮಂಕಾಗುತ್ತವೆ, ನೀಹಾರಿಕೆ ಮಾತ್ರ ಹಾಗೇ ಉಳಿಯುತ್ತದೆ. ಯಾಕಂದರೆ ಅದರ ಬೆಳಕಿನ ದೊಡ್ಡ ಪಾಲು 500.7 ನ್ಯಾನೋಮೀಟರಿನ ಒಂದೇ ಹಸಿರು ಗೆರೆಯಲ್ಲಿದೆ (ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ಕಾಣುವ ಗೆರೆ). 1864ರಲ್ಲಿ ಖಗೋಳ ವಿಜ್ಞಾನಿ ವಿಲಿಯಂ ಹಗಿನ್ಸ್ ಕಂಡ ಈ ಗೆರೆ ಆಕ್ಸಿಜನ್‌ನದು ಅಂತ ಗೊತ್ತಾಗಿದ್ದು 1927ರಲ್ಲಿ, ಐರಾ ಬೋವೆನ್ ಅವರಿಂದ. ಚುಕ್ಕೆಯಷ್ಟೇ ಕಾಣುವ ಸಣ್ಣ ನೀಹಾರಿಕೆಗಳನ್ನು ನಕ್ಷತ್ರಗಳ ಗುಂಪಿನಲ್ಲಿ ಗುರುತಿಸೋಕೂ ಇದೇ ಉಪಾಯ.

ಈಗ ಆಕಾರದ ವಿಷಯ. ಸೂರ್ಯನಂಥ ನಕ್ಷತ್ರ ಮುದಿಯಾದಾಗ ಹೊರಪದರವನ್ನು ನಿಧಾನವಾಗಿ, ಸೆಕೆಂಡಿಗೆ ಸುಮಾರು 10 ಕಿ.ಮೀ. ವೇಗದಲ್ಲಿ ಊದಿಬಿಡುತ್ತದೆ. ಕೊನೆಗೆ ಬಿಸಿ ಒಡಲು ಹೊರಬಿದ್ದು, ಅಲ್ಲಿಂದ ತೆಳುವಾದ ಗಾಳಿ (ನಕ್ಷತ್ರದಿಂದ ಹೊರಡುವ ಅನಿಲದ ಹರಿವು) ಸೆಕೆಂಡಿಗೆ 1000 ಕಿ.ಮೀ.ಗೂ ಜಾಸ್ತಿ ವೇಗದಲ್ಲಿ ನುಗ್ಗಿ ಬಂದು, ಮುಂದೆ ಹೋಗುತ್ತಿದ್ದ ಹಳೆ ಅನಿಲವನ್ನು ಹಿಂದಿನಿಂದ ತಳ್ಳಿ ಒತ್ತಿ ಚಿಪ್ಪು ಮಾಡುತ್ತದೆ. 1978ರಲ್ಲಿ ಖಗೋಳ ವಿಜ್ಞಾನಿ ಸನ್ ಕ್ವಾಕ್ ಮತ್ತು ಜೊತೆಗಾರರು ಈ ವಿವರಣೆಯನ್ನು ಮುಂದಿಟ್ಟರು. ಎಲ್ಲ ಕಡೆ ಅನಿಲ ಒಂದೇ ಸಮ ಇದ್ದರೆ ಚಿಪ್ಪು ದುಂಡಗಾಗುತ್ತದೆ. ಪಕ್ಕದಲ್ಲಿ ಜೊತೆ ನಕ್ಷತ್ರ ಇದ್ದರೆ ಅನಿಲ ನಡುಭಾಗದಲ್ಲಿ ದಪ್ಪಗೆ ಸೇರುತ್ತದೆ, ಗಾಳಿ ಎರಡು ತುದಿಗಳ ಕಡೆ ದಾರಿ ಮಾಡಿಕೊಳ್ಳುತ್ತದೆ. ಸೊಂಟ ಬರುವುದು ಹೀಗೆ. 2022ರಲ್ಲಿ ಜೇಮ್ಸ್ ವೆಬ್ ಬಾಹ್ಯಾಕಾಶ ಟೆಲಿಸ್ಕೋಪ್ ತೆಗೆದ ದಕ್ಷಿಣ ಉಂಗುರ ನೀಹಾರಿಕೆಯ ಚಿತ್ರ ನೋಡಿ, ನಡುವೆ ಎರಡು ನಕ್ಷತ್ರಗಳಿವೆ. ಅನಿಲ ಚೆಲ್ಲಿದ್ದು ಜೋರಾಗಿ ಹೊಳೆಯುವುದಲ್ಲ, ಅದರ ಪಕ್ಕದ ಮಂದ ನಕ್ಷತ್ರ.

ನಾವು ನೋಡುವ ಕೋನವೂ ಮುಖ್ಯ. ಡಮರುವನ್ನು ಮುಖದ ಕಡೆಯಿಂದ ನೋಡಿದರೆ ದುಂಡು, ಪಕ್ಕದಿಂದ ನೋಡಿದರೆ ಸೊಂಟ ಕಾಣುತ್ತದೆ ಅಲ್ವಾ. ಎಂ57 ನಮಗೆ ಹೆಚ್ಚುಕಡಿಮೆ ಮುಖ ತೋರಿಸುತ್ತಿದೆ, ಎಂ27 ಪಕ್ಕ. ಎರಡನ್ನೂ ಒಂದೇ ರಾತ್ರಿ, ಒಂದರ ಹಿಂದೆ ಒಂದು ನೋಡಿ ಅಂತ ನಾನು ಒತ್ತಿ ಹೇಳುವುದು ಇದಕ್ಕೇ.

ಬೆಳಗಿನ ಜಾವ ಏಳೋಕೆ ಆಗದವರು ಕಾರ್ತಿಕದ ಅಮಾವಾಸ್ಯೆ ಸಂಜೆ 7ಕ್ಕೆ ಪಶ್ಚಿಮದ ಕಡೆ ತಿರುಗಿಸಿ. ಮೊದಲು ಎಂ57 ನೋಡಿ, ಅದು ಬೇಗ ಇಳಿಯುತ್ತದೆ.